ಮಣ್ಣು, ದಾರ, ಹರಿದ ಕಾಗದ: ಭಾವನೆಗಳ ಕಮ್ಮಟಕ್ಕೆ ಸಾಮಾನು ಆರಿಸುವ ಬಗೆ

ಭಾವನೆಗಳ ಬಗ್ಗೆ ಕರಕುಶಲ ಕಮ್ಮಟ ನಡೆಸಲು ಹೊರಟವರು ಮೊದಲು ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳುತ್ತಾರೆ. ನಿಮ್ಮ ಕೋಪದ ಬಣ್ಣ ಯಾವುದು, ನಿಮ್ಮ ದುಃಖ ಯಾವ ಆಕಾರದಲ್ಲಿದೆ, ಹೀಗೆ. ಸಾಮಾನಿನ ಪಟ್ಟಿ ತಯಾರಾಗುವುದು ಹಿಂದಿನ ದಿನ, ಅದೂ ಕೈಗೆ ಏನು ಸಿಕ್ಕಿತೋ ಅದರ ಮೇಲೆ. ಈ ಕ್ರಮವನ್ನು ಹಿಂದುಮುಂದು ಮಾಡಿಕೊಂಡರೆ ಅರ್ಧ ತಾಪತ್ರಯ ತಪ್ಪುತ್ತದೆ. ಜನರ ಕೈಗೆ ಯಾವ ವಸ್ತು ಕೊಡುತ್ತೀರಿ, ಜೊತೆಗೆ ಎಷ್ಟು ನೀರು ಇಡುತ್ತೀರಿ, ಕಾಗದ ಎಷ್ಟು ದೊಡ್ಡದು, ಹೊತ್ತು ಎಷ್ಟಿದೆ ಎಂಬುದರ ಮೇಲೆ ಬಂದವರ ಮನಸ್ಸು ಎಷ್ಟು ತೆರೆದುಕೊಳ್ಳುತ್ತದೆ, ಎಲ್ಲಿ ನಿಲ್ಲುತ್ತದೆ ಎನ್ನುವುದು ನಿಂತಿದೆ. ಪ್ರಶ್ನೆಗಳ ಪಾತ್ರ ಆಮೇಲಿನದು.

ಒಂದು ಗಡಿಯನ್ನು ಮೊದಲೇ ಗುರುತು ಹಾಕಿಕೊಳ್ಳಬೇಕು. ಕಲಾ ಚಿಕಿತ್ಸೆ ಬೇರೆ, ಇಂಥ ಕಮ್ಮಟ ಬೇರೆ. 'ಆರ್ಟ್ ಥೆರಪಿ' ಎಂಬ ಹೆಸರು ಬಳಕೆಗೆ ಬಂದದ್ದು 1942ರಲ್ಲಿ, ಕ್ಷಯರೋಗದಿಂದ ಸ್ಯಾನಟೋರಿಯಂ ಸೇರಿ ಅಲ್ಲಿ ಚಿತ್ರ ಬರೆಯುತ್ತಾ ಚೇತರಿಸಿಕೊಂಡಿದ್ದ ಬ್ರಿಟಿಷ್ ಕಲಾವಿದ ಏಡ್ರಿಯನ್ ಹಿಲ್ ಅವರಿಂದ. ಅದಕ್ಕೂ ಮುಂಚೆ, 1917ರಲ್ಲಿ ಅಮೆರಿಕದಲ್ಲಿ ಆಕ್ಯುಪೇಶನಲ್ ಥೆರಪಿಯ, ಅಂದರೆ ದಿನನಿತ್ಯದ ಚಟುವಟಿಕೆಗಳ ಮೂಲಕ ಚೇತರಿಕೆ ತರುವ ಚಿಕಿತ್ಸೆಯ, ಸಂಘ ಹುಟ್ಟಿದ ಕಾಲಕ್ಕೆ ನೇಯ್ಗೆ, ಬುಟ್ಟಿ ಹೆಣೆಯುವುದು, ಮರಗೆಲಸ ಎಲ್ಲ ಆಸ್ಪತ್ರೆಗಳೊಳಗೆ ಕಾಲಿಟ್ಟಾಗಿತ್ತು. ಇವೆರಡೂ ಇಂದು ವರ್ಷಗಟ್ಟಲೆ ಓದಿ, ಹಿರಿಯರ ಉಸ್ತುವಾರಿಯಲ್ಲಿ ಕೆಲಸ ಮಾಡಿ ಕಲಿಯುವ ವೃತ್ತಿಗಳು. ವಾರಾಂತ್ಯದ ಎರಡು ಗಂಟೆಯ ಕಮ್ಮಟ ಆ ಕೆಲಸ ಮಾಡುವುದಿಲ್ಲ, ಮಾಡಲು ಹೋಗಲೂಬಾರದು. ಅದಕ್ಕೆ ದಕ್ಕುವುದು ಇಷ್ಟು: ಒಳಗೆ ನಡೆಯುತ್ತಿರುವುದನ್ನು ಸುರಕ್ಷಿತ ದೂರದಿಂದ ನೋಡಲು ಕೈಗೊಂದು ಕೆಲಸ, ಮತ್ತು ಅದನ್ನು ನೋಡುವಾಗ ಪಕ್ಕದಲ್ಲಿ ಕೂತಿರುವ ನಾಲ್ಕು ಜನ. ಅಷ್ಟಾದರೂ ಸರಿಯಾಗಿ ಆದರೆ ಸಣ್ಣ ಮಾತಲ್ಲ.

ಹರಿಯುವ ವಸ್ತು, ತಡೆಯುವ ವಸ್ತು

ಸಾಂಡ್ರಾ ಕೇಗಿನ್ ಮತ್ತು ವಿಯಾ ಲೂಸೆಬ್ರಿಂಕ್ 1978ರಲ್ಲಿ ಮುಂದಿಟ್ಟ ಚೌಕಟ್ಟೊಂದು ಈ ಕೆಲಸದಲ್ಲಿ ತುಂಬ ಉಪಯೋಗಕ್ಕೆ ಬರುತ್ತದೆ. ವಸ್ತುಗಳನ್ನು ಅವು ಕೈಗೆ ಒಡ್ಡುವ ತಡೆಯ ಮೇಲೆ ಒಂದು ಸಾಲಿನಲ್ಲಿ ಜೋಡಿಸಬಹುದು ಎಂಬುದು ಅದರ ಒಂದು ಎಳೆ. ಒಂದು ತುದಿಯಲ್ಲಿ ನೀರುನೀರಾದ ಬಣ್ಣ, ಬೆರಳಲ್ಲಿ ಬಳಿಯುವ ಬಣ್ಣ, ಒದ್ದೆ ಮಣ್ಣು. ಇನ್ನೊಂದು ತುದಿಯಲ್ಲಿ ಪೆನ್ಸಿಲ್, ಕತ್ತರಿಸಿ ಅಂಟಿಸುವ ಚಿತ್ರ, ಹೊಲಿಗೆ, ಮರ. ಹರಿಯುವ ವಸ್ತು ಭಾವನೆಯನ್ನು ಬೇಗ ಮೇಲಕ್ಕೆ ತರುತ್ತದೆ. ತಡೆಯುವ ವಸ್ತು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಯೋಚನೆಗೆ ಜಾಗ ಕೊಡುತ್ತದೆ. ನಡುವೆ ಉಪಕರಣ ಬಂದರೆ ಇನ್ನಷ್ಟು ದೂರ. ಅದೇ ಬಣ್ಣವನ್ನು ಬೆರಳಲ್ಲಿ ಬಳಿಯುವುದಕ್ಕೂ ಉದ್ದ ಹಿಡಿಯ ಬ್ರಷ್‌ನಲ್ಲಿ ಬಳಿಯುವುದಕ್ಕೂ ವ್ಯತ್ಯಾಸವಿದೆ.

ಇದನ್ನು ಕಮ್ಮಟಕ್ಕೆ ಹೊಂದಿಸುವುದು ಹೀಗೆ. ಮೊದಲ ಸಲ ಸೇರುತ್ತಿರುವ, ಪರಸ್ಪರ ಪರಿಚಯವಿಲ್ಲದ ಗುಂಪಿಗೆ ತಡೆಯುವ ವಸ್ತುವಿನಿಂದಲೇ ಶುರು ಮಾಡಿ. ಅಂಟಿಸುವ ಚಿತ್ರ ಅಥವಾ ನೇಯ್ಗೆ ಸಾಕು. ಮಣ್ಣು ಎರಡನೆಯ ಅಥವಾ ಮೂರನೆಯ ಭೇಟಿಗೆ ಇರಲಿ. ನೀರುಬಣ್ಣವನ್ನು ಒದ್ದೆ ಕಾಗದದ ಮೇಲೆ ಹರಿಯಬಿಡುವ ಚಟುವಟಿಕೆ ನೋಡಲು ನಿರುಪದ್ರವಿಯಂತೆ ಕಾಣುತ್ತದೆ. ಆದರೆ ಬಣ್ಣ ತನ್ನಿಚ್ಛೆಯಂತೆ ಹರಿದು ಎಲ್ಲ ಕಲಸಿ ಕಂದು ರಾಡಿಯಾದಾಗ, ಆತಂಕ ಹೆಚ್ಚಿರುವವರಿಗೆ ಕೈತಪ್ಪಿಹೋದ ಅನುಭವವೇ ಮತ್ತೊಮ್ಮೆ ಆಗುತ್ತದೆ. ಅದನ್ನೇ ಮಾಡಿಸಬೇಕೆಂದಿದ್ದರೆ ಅಂಗೈಯಗಲದ ಕಾಗದ ಕೊಡಿ, ಅಂಚಿಗೆ ಸುತ್ತ ಟೇಪ್ ಹಚ್ಚಿ, ಬಣ್ಣ ಎರಡೇ ಇರಲಿ, ಎರಡೂ ಕಲೆತರೆ ಮೂರನೆಯದು ಚೆನ್ನಾಗಿ ಕಾಣುವಂಥವು. ಅಂಚು ಇದ್ದರೆ ಧೈರ್ಯ ಇರುತ್ತದೆ.

ಜೇಡಿಮಣ್ಣು

ಎಲ್ಲಕ್ಕಿಂತ ಹೆಚ್ಚು ಕೊಡುವುದೂ, ಹೆಚ್ಚು ಎಡವಟ್ಟಾಗುವುದೂ ಮಣ್ಣಿನಲ್ಲೇ.

ಒಬ್ಬರಿಗೆ ಅರ್ಧ ಕಿಲೋ ತೆಗೆದಿಡಿ, ಎರಡು ಉಂಡೆಗಳಾಗಿ. ಒಂದು ಆಟಕ್ಕೆ, ಇನ್ನೊಂದು ಮಾಡುವುದಕ್ಕೆ. ಎರಡನೆಯದು ಇದೆ ಎಂದು ಗೊತ್ತಿದ್ದರೆ ಮೊದಲನೆಯದನ್ನು ಹಾಳುಮಾಡಲು ಜನ ಹೆದರುವುದಿಲ್ಲ. ಮಣ್ಣು ಹದವಾಗಿದೆಯೇ ಎಂದು ನೋಡಲು ಕಿರುಬೆರಳ ದಪ್ಪದ ಬತ್ತಿ ಹೊಸೆದು ಬೆರಳಿಗೆ ಸುತ್ತಿ. ಬಿರುಕು ಬಿಟ್ಟರೆ ಒಣಗಿದೆ, ಬೆರಳಿಗೆ ಮೆತ್ತಿಕೊಂಡರೆ ನೀರು ಹೆಚ್ಚಾಗಿದೆ. ಒಣಗಿದ್ದರೆ ಹಿಂದಿನ ರಾತ್ರಿಯೇ ಒದ್ದೆ ಬಟ್ಟೆ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಕು. ಕಮ್ಮಟದ ಮೇಜಿನ ಮೇಲೆ ನೀರು ಚಿಮುಕಿಸಿ ಸರಿಮಾಡಲು ಹೋದರೆ ಮೇಲ್ಮೈ ಜಾರುತ್ತದೆ, ಒಳಗೆ ಗಟ್ಟಿಯಾಗಿಯೇ ಉಳಿಯುತ್ತದೆ.

ಮೇಜಿನ ಮೇಲೆ ನೀರಿನ ಬಟ್ಟಲು ಇಡಬೇಡಿ. ಪ್ರತಿಯೊಬ್ಬರಿಗೂ ಹಿಂಡಿದ ಸಣ್ಣ ಸ್ಪಂಜು ಕೊಡಿ. ಬಟ್ಟಲು ಇದ್ದರೆ ಯಾರಾದರೊಬ್ಬರು ನೀರು ಸುರಿಯುತ್ತಲೇ ಹೋಗುತ್ತಾರೆ. ಮಣ್ಣು ಕೆಸರಾಗಿ ಮೊಣಕೈವರೆಗೆ ಮೆತ್ತಿಕೊಳ್ಳುತ್ತದೆ. ಕೆಲವರಿಗೆ ಅದು ಹಿತ, ಬಾಲ್ಯದ ಹಿತ. ಇನ್ನು ಕೆಲವರಿಗೆ ಅದೇ ಕೆಸರಿನ ಜೊತೆ ಎಲ್ಲಿಯದೋ ನೆನಪು ಕಿತ್ತುಕೊಂಡು ಬಂದು ಅಳು ಒತ್ತರಿಸುತ್ತದೆ. ಅಳುವುದರಲ್ಲಿ ತಪ್ಪೇನಿಲ್ಲ. ಆದರೆ ಎಂಟು ಅಪರಿಚಿತರ ನಡುವೆ, ಕೈತುಂಬ ಕೆಸರು ಇದ್ದು ಕಣ್ಣೊರೆಸಿಕೊಳ್ಳಲೂ ಆಗದ ಸ್ಥಿತಿಯಲ್ಲಿ ಅಳುವಂತೆ ಮಾಡುವುದು ನಡೆಸುವವರ ತಪ್ಪು.

ಮೊದಲ ಕೆಲಸಕ್ಕೆ ಬೆರಳಲ್ಲೇ ಒತ್ತಿ ಮಾಡುವ ಪುಟ್ಟ ಬಟ್ಟಲಿಗಿಂತ ಒಳ್ಳೆಯದು ಇಲ್ಲ. ಅಂಗೈಯೊಳಗೆ ಕೂರುವ ಉಂಡೆ, ಸುಮಾರು 250 ಗ್ರಾಂ. ಹೆಬ್ಬೆರಳನ್ನು ನಡುವಿಗೆ ಒತ್ತುತ್ತಾ ತಳದಲ್ಲಿ ಒಂದು ಸೆಂಟಿಮೀಟರ್ ಉಳಿಯುವಷ್ಟು ಇಳಿಸಬೇಕು. ಆಮೇಲೆ ಹೆಬ್ಬೆರಳು ಒಳಗೆ, ಉಳಿದ ಬೆರಳು ಹೊರಗೆ. ಒಂದು ಚಿವುಟು, ಒಂದು ತಿರುವು, ಮತ್ತೆ ಚಿವುಟು. ತಳದಿಂದ ಮೇಲಕ್ಕೆ ಬರಬೇಕು. ಹೊಸಬರೆಲ್ಲ ಅಂಚನ್ನೇ ಮೊದಲು ತೆಳ್ಳಗೆ ಮಾಡುತ್ತಾರೆ, ಬಟ್ಟಲು ಹೂವಿನಂತೆ ಅಗಲವಾಗಿ ಬಿದ್ದುಹೋಗುತ್ತದೆ. ಗೋಡೆ 6ರಿಂದ 8 ಮಿಲಿಮೀಟರ್ ದಪ್ಪವಿದ್ದರೆ ಸಾಕು. ಅಂಚಿನಲ್ಲಿ ಬಿರುಕು ಕಾಣಿಸಿಕೊಳ್ಳುವುದು ಕೈಯ ಬಿಸಿಗೆ ಅಲ್ಲಿಯ ತೇವ ಆರುವುದರಿಂದ. ಸ್ಪಂಜಿಗೆ ತಾಗಿಸಿದ ಬೆರಳಲ್ಲಿ ಒಮ್ಮೆ ಒತ್ತಿ ಸವರಿದರೆ ಮುಚ್ಚುತ್ತದೆ.

ಈ ಚಿವುಟು-ತಿರುವಿನ ಲಯ ಹಿಡಿದ ಹತ್ತು ನಿಮಿಷಕ್ಕೆ ಕೋಣೆಯ ಸದ್ದು ತಾನಾಗಿ ಇಳಿಯುತ್ತದೆ. ಕಣ್ಣು ಮುಚ್ಚಿಕೊಂಡು ಮಾಡಿ ನೋಡಿ ಎಂದು ಹೇಳುವುದಾದರೆ ಈ ಹೊತ್ತಿಗೆ ಹೇಳಿ, ಮೂರು ನಿಮಿಷಕ್ಕೆ ಮಾತ್ರ, 'ಬೇಡವಾದವರು ಬಟ್ಟಲಿನ ತಳವನ್ನೇ ನೋಡುತ್ತಿರಿ' ಎಂಬ ಮಾತಿನ ಜೊತೆಗೆ. ಹಿಂದೆ ಹಿಂಸೆ ಅನುಭವಿಸಿದವರಿಗೆ ಅಪರಿಚಿತ ಕೋಣೆಯಲ್ಲಿ ಕಣ್ಣು ಮುಚ್ಚುವುದು ಸುಲಭದ ಕೆಲಸವಲ್ಲ. ಕಾರಣ ಕೇಳಬೇಡಿ.

ಬಟ್ಟಲಿಗೆ ಹಿಡಿ, ಮುಚ್ಚಳ, ಪುಟ್ಟ ಗೊಂಬೆ ಏನಾದರೂ ಅಂಟಿಸುವಾಗ ಎರಡೂ ಮೇಲ್ಮೈಗೆ ಕಡ್ಡಿಯಿಂದ ಅಡ್ಡದಿಡ್ಡ ಗೀರು ಹಾಕಿ, ಅದೇ ಮಣ್ಣಿನ ಕೆಸರು ಹಚ್ಚಿ, ಒತ್ತಿ ಅಲುಗಾಡಿಸಿ ಕೂರಿಸಬೇಕು. ಇದನ್ನು ಬಿಟ್ಟರೆ ಒಣಗುವಾಗ ಕಳಚಿ ಬೀಳುತ್ತದೆ. ತುಂಬ ಒದ್ದೆಯಾದ ತುಂಡನ್ನು ಆಗಲೇ ಬಿಗಿದ ಬಟ್ಟಲಿಗೆ ಅಂಟಿಸಿದರೂ ಅಷ್ಟೇ, ಎರಡೂ ಬೇರೆ ಬೇರೆ ಪ್ರಮಾಣದಲ್ಲಿ ಕುಗ್ಗುತ್ತವೆ. ಮೊದಲೆರಡು ದಿನ ಸಡಿಲವಾಗಿ ಪ್ಲಾಸ್ಟಿಕ್ ಹೊದಿಸಿ, ಆಮೇಲೆ ತೆರೆದಿಟ್ಟು ಒಟ್ಟು ಒಂದು ವಾರ ಆರಿಸಿ. ಬಿಸಿಲಿಗೂ ಫ್ಯಾನಿನ ಕೆಳಗೂ ಇಡಬೇಡಿ. ಭಟ್ಟಿಯಲ್ಲಿ ಸುಡುವ ಯೋಚನೆಯಿದ್ದರೆ ಎರಡು ಸೆಂಟಿಮೀಟರ್‌ಗಿಂತ ದಪ್ಪನೆಯ ಗೊಂಬೆಗಳನ್ನು ಒಳಗಿನಿಂದ ಕೆರೆದು ಪೊಳ್ಳು ಮಾಡಿ, ಕೆಳಗೊಂದು ತೂತು ಬಿಡಬೇಕು. ಒಳಗೆ ಉಳಿದ ತೇವ ಆವಿಯಾಗಿ ಸಿಡಿದರೆ ಪಕ್ಕದವರ ಬಟ್ಟಲನ್ನೂ ಒಡೆದುಹಾಕುತ್ತದೆ.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ತೀರಿಹೋದ ತಾಯಿಯನ್ನು ನೆನೆದು ಒಬ್ಬರು ಒಂದು ಬಟ್ಟಲು ಮಾಡಿ ಬಿಟ್ಟುಹೋಗಿರುತ್ತಾರೆ. ಮುಂದಿನ ವಾರ ಬಂದಾಗ ಅದು ಎರಡು ಹೋಳಾಗಿ ಕೂತಿದ್ದರೆ 'ಪರವಾಗಿಲ್ಲ, ಇನ್ನೊಂದು ಮಾಡೋಣ' ಎಂಬ ಮಾತು ಎಲ್ಲಿಗೂ ಸಾಲದು. ಇಂಥ ಕಮ್ಮಟದಲ್ಲಿ ಕೈಕೆಲಸದ ತಾಂತ್ರಿಕ ತಪ್ಪು ಮನಸ್ಸಿಗೆ ಏಟಾಗಿ ಬೀಳುತ್ತದೆ. ಭಟ್ಟಿಯ ಸೌಲಭ್ಯ ಇಲ್ಲದಿದ್ದರೆ ಮೊದಲೇ ಹೇಳಿ: ಇದು ಹಸಿಮಣ್ಣು, ಉಳಿಯುವುದಿಲ್ಲ, ಕೊನೆಗೆ ಬೇಕಾದರೆ ಮತ್ತೆ ಉಂಡೆ ಮಾಡಬಹುದು. ಹಾಗೆ ಗೊತ್ತಿದ್ದು ಮಾಡುವುದರಲ್ಲಿ ಬೇರೆಯೇ ಸ್ವಾತಂತ್ರ್ಯ ಇರುತ್ತದೆ.

ಸ್ವಚ್ಛ ಮಾಡುವಾಗ ಒಣ ಪೊರಕೆ ಮುಟ್ಟಬೇಡಿ. ಒಣಮಣ್ಣಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಶ್ವಾಸಕೋಶಕ್ಕೆ ಕೆಟ್ಟದ್ದು. ಒದ್ದೆ ಬಟ್ಟೆಯಿಂದ ಒರೆಸಿ. ಕೈತೊಳೆಯಲು ಬಕೆಟ್ ಇಟ್ಟು, ಮಣ್ಣು ತಳದಲ್ಲಿ ಕೂತ ಮೇಲೆ ಮೇಲಿನ ನೀರನ್ನಷ್ಟೇ ಚೆಲ್ಲಿ. ಸಿಂಕಿಗೆ ಬಿಟ್ಟರೆ ಪೈಪು ಕಟ್ಟಿಕೊಳ್ಳುತ್ತದೆ. ಕೈಯಲ್ಲಿ ಗಾಯ ಇದ್ದವರಿಗೆ ತೆಳು ಗ್ಲೌಸ್ ಇರಲಿ. ಮಣ್ಣಿನ ಸ್ಪರ್ಶವೇ ಆಗದವರೂ ಇರುತ್ತಾರೆ, ಅವರಿಗೂ ಅದೇ ಗ್ಲೌಸ್ ಉಪಕಾರಿ.

ಕೋಪ ಎಂದಾಕ್ಷಣ ಮಣ್ಣನ್ನು ಗೋಡೆಗೆ ಎಸೆಯಿಸುವ, ತಟ್ಟೆ ಒಡೆಸುವ ಪದ್ಧತಿ ಜನಪ್ರಿಯ. ನಮ್ಮ ಮತ ಇದಕ್ಕೆ ವಿರುದ್ಧ. ಮನಶ್ಶಾಸ್ತ್ರಜ್ಞ ಬ್ರಾಡ್ ಬುಷ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟು ಬರಿಸಿದವರನ್ನೇ ನೆನೆಯುತ್ತಾ ಪಂಚಿಂಗ್ ಬ್ಯಾಗ್‌ಗೆ ಗುದ್ದಿದವರ ಸಿಟ್ಟು ಇಳಿಯುವ ಬದಲು ಹೆಚ್ಚಾಗಿತ್ತು; ಏನೂ ಮಾಡದೆ ಸುಮ್ಮನೆ ಕೂತವರೇ ಅವರಿಗಿಂತ ವಾಸಿ ಇದ್ದರು. ಅದಕ್ಕೆ ಬದಲಾಗಿ ಮಣ್ಣನ್ನು ನಿಂತುಕೊಂಡು ಮಿದಿಯಲು ಕೊಡಿ. ಅಂಗೈಯ ಬುಡದಿಂದ ಒತ್ತು, ಮಡಚು, ಕಾಲು ಸುತ್ತು ತಿರುಗಿಸು, ಮತ್ತೆ ಒತ್ತು. ಮೂವತ್ತು ಸಲ, ಎಣಿಸುತ್ತಾ. ಆಮೇಲೆ ತಂತಿಯಿಂದ ಎರಡಾಗಿ ಕೊಯ್ದು ಒಂದರ ಮೇಲೊಂದು ಹಾಕಿ ಮತ್ತೆ ಮಿದಿಯುವುದು. ಭುಜ ದಣಿಯುತ್ತದೆ, ಉಸಿರು ಆ ಲಯಕ್ಕೆ ಇಳಿಯುತ್ತದೆ, ಮಣ್ಣೂ ಹದವಾಗುತ್ತದೆ. ಯಾರ ಮುಖವನ್ನೂ ಕಲ್ಪಿಸಿಕೊಳ್ಳಿ ಎಂದು ಹೇಳಬೇಕಿಲ್ಲ.

ದಾರದ ಕೆಲಸ

ಮಾತು ಬರಬೇಕು, ಆದರೆ ಮುಖಕ್ಕೆ ಮುಖ ಕೊಟ್ಟು ಬರುವುದಿಲ್ಲ ಎಂಬಂಥ ಗುಂಪಿಗೆ ನೇಯ್ಗೆ, ಹೊಲಿಗೆ ಹೇಳಿಮಾಡಿಸಿದ್ದು. ಕಣ್ಣಿಗೆ ಕೆಲಸವಿದೆ, ಬಾಯಿಗೆ ಬಿಡುವಿದೆ. ಎದುರುಬದುರು ಕೂರಿಸುವುದಕ್ಕಿಂತ ಒಂದೇ ಉದ್ದ ಮೇಜಿಗೆ ಪಕ್ಕಪಕ್ಕ ಕೂರಿಸಿದರೆ ಮಾತು ಸಲೀಸು.

ರಟ್ಟಿನ ಮಗ್ಗ ಹೀಗೆ: 15 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಉದ್ದದ ಗಟ್ಟಿ ರಟ್ಟು. ಅಗಲದ ಎರಡೂ ಅಂಚಿಗೆ ಒಂದೊಂದು ಸೆಂಟಿಮೀಟರ್ ಅಂತರದಲ್ಲಿ ಅರ್ಧ ಸೆಂಟಿಮೀಟರ್ ಆಳದ ಸೀಳು, ಎರಡು ಕಡೆಯೂ 13. ದಾರದ ತುದಿಯನ್ನು ಹಿಂದೆ ಟೇಪಿನಿಂದ ಹಿಡಿಸಿ ಮೇಲಿನ ಸೀಳು, ಕೆಳಗಿನ ಸೀಳು ಎಂದು ಹಾಸು, ಅಂದರೆ ಉದ್ದದ ಎಳೆಗಳನ್ನು, ಎಳೆಯಬೇಕು. ಈ ಹಾಸಿನ ಎಳೆಗಳಿಗೆ ಹತ್ತಿಯ ದಾರವೇ ಸರಿ. ಉಣ್ಣೆ ಎಳೆದಷ್ಟೂ ಹಿಗ್ಗಿ, ಆಮೇಲೆ ಕುಗ್ಗಿ ರಟ್ಟನ್ನು ಬಿಲ್ಲಿನಂತೆ ಬಗ್ಗಿಸುತ್ತದೆ. ಅಡ್ಡಕ್ಕೆ ನೇಯುವ ಹೊಕ್ಕಿಗೆ ಏನಾದರೂ ಆದೀತು: ಉಣ್ಣೆ, ಹರಿದ ಬಟ್ಟೆಯ ಪಟ್ಟಿ, ಸೆಣಬು. ಒಂದು ಸಲಕ್ಕೆ ಎರಡು ಕೈ ಚಾಚಿದಷ್ಟು ಉದ್ದದ ನೂಲು ಸಾಕು. ಇನ್ನೂ ಉದ್ದ ತೆಗೆದರೆ ಗಂಟು ಬಿಡಿಸುವುದರಲ್ಲೇ ಹೊತ್ತು ಹೋಗುತ್ತದೆ, ಮೊದಲೇ ಕಿರಿಕಿರಿಯಲ್ಲಿರುವವರು ಅಲ್ಲಿಗೇ ಕೈಬಿಡುತ್ತಾರೆ.

ಎಲ್ಲರಿಗೂ ಆಗುವ ತೊಂದರೆ ಒಂದೇ. ಐದಾರು ಸಾಲು ಆಗುವಷ್ಟರಲ್ಲಿ ಬಟ್ಟೆಯ ಎರಡೂ ಅಂಚು ಒಳಗೆ ಸರಿದು ನಡು ಸಣ್ಣಗಾಗುತ್ತದೆ. ಪ್ರತಿ ಸಾಲಿನಲ್ಲೂ ಹೊಕ್ಕನ್ನು ನೆಟ್ಟಗೆ ಎಳೆದು ಬಿಗಿಯುವುದು ಇದಕ್ಕೆ ಕಾರಣ. ಹೊಕ್ಕನ್ನು ಗುಡ್ಡದ ಆಕಾರದಲ್ಲಿ ಮೇಲಕ್ಕೆ ಬಿಟ್ಟು, ನಡುವಿನಿಂದ ಬಾಚಣಿಗೆಯಲ್ಲಿ ಕೆಳಗೆ ಒತ್ತಿದರೆ ಅಂಚು ಅಲ್ಲೇ ನಿಲ್ಲುತ್ತದೆ. ಇಲ್ಲಿ ನಡೆಸುವವರಿಗೊಂದು ಆಸೆ ಹುಟ್ಟುತ್ತದೆ: 'ನೋಡಿ, ನಿಮ್ಮೊಳಗಿನ ಬಿಗಿತ ಬಟ್ಟೆಯಲ್ಲಿ ಕಾಣುತ್ತಿದೆ' ಎಂದು ಹೇಳುವ ಆಸೆ. ಹೇಳಬೇಡಿ. ಮೊದಲ ಸಲ ನೇಯುವವರೆಲ್ಲರ ಬಟ್ಟೆಯೂ ಹೀಗೆಯೇ ಆಗುತ್ತದೆ. ಬಿಗಿಯ ಮಾತು ಅವರಾಗಿಯೇ ಆಡಿದರೆ ಕಿವಿಗೊಡಿ.

ವಾರದ ನೇಯ್ಗೆ ಎಂಬ ಚಟುವಟಿಕೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಕಳೆದ ಏಳು ದಿನಕ್ಕೆ ಏಳು ಪಟ್ಟಿ, ಒಂದೊಂದು ಸುಮಾರು ಒಂದು ಸೆಂಟಿಮೀಟರ್. ಆ ದಿನ ಹೇಗಿತ್ತೋ ಹಾಗೆ ನೂಲು ಆರಿಸುವುದು. ಬಣ್ಣಕ್ಕಿಂತ ನೂಲಿನ ಗುಣದ ಮೇಲೆ ಗಮನ ಇರಲಿ ಎಂದು ಹೇಳಿ. ಚುಚ್ಚುವ ಸೆಣಬು, ಜಾರುವ ರೇಷ್ಮೆ, ಎಳೆ ಬಿಚ್ಚುವ ಚಿಂದಿ. ಬಣ್ಣ ಎಂದರೆ ಎಲ್ಲರೂ ಸಿಟ್ಟಿಗೆ ಕೆಂಪು, ದುಃಖಕ್ಕೆ ನೀಲಿ ಎಂಬ ಸಿದ್ಧ ಉತ್ತರಕ್ಕೆ ಹೋಗುತ್ತಾರೆ. ಕೈಗೆ ತಾಗುವ ಗುಣಕ್ಕೆ ಸಿದ್ಧ ಉತ್ತರ ಇಲ್ಲ, ನಿಂತು ಯೋಚಿಸಲೇಬೇಕು. ಎರಡು ಗಂಟೆಯಲ್ಲಿ ಹೊಸಬರು ಆರೆಂಟು ಸೆಂಟಿಮೀಟರ್ ನೇಯುತ್ತಾರೆ, ಹಾಗಾಗಿ ಲೆಕ್ಕ ಸರಿಹೋಗುತ್ತದೆ. ಮುಗಿಯದವರು ಮನೆಗೆ ಒಯ್ಯಬಹುದು.

ಹೊಲಿಗೆಗೆ ಕೈ ಹಾಕುವುದಾದರೆ ಆರೆಳೆಯ ಕಸೂತಿ ದಾರವನ್ನು ಬಿಡಿಸಿ ಎರಡು ಅಥವಾ ಮೂರೆಳೆ ಮಾತ್ರ ಬಳಸಿ. ಉದ್ದ 45 ಸೆಂಟಿಮೀಟರ್, ಬಟ್ಟೆ ಒತ್ತಾಗಿ ನೇಯ್ದ ಸಾದಾ ಹತ್ತಿ, ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ರಿಂಗು 12ರಿಂದ 15 ಸೆಂಟಿಮೀಟರ್ ಅಗಲ. ರಿಂಗಿನಲ್ಲಿ ಬಟ್ಟೆ ಬಡಿದರೆ ಸದ್ದಾಗುವಷ್ಟು ಬಿಗಿ ಇರಬೇಕು, ಇಲ್ಲದಿದ್ದರೆ ಸುಕ್ಕು ಖಾಯಂ. ಸೂಜಿ, ಕತ್ತರಿಗಳನ್ನು ಎಣಿಸಿ ಕೊಟ್ಟು ಎಣಿಸಿ ವಾಪಸ್ ಪಡೆಯಿರಿ, ಪ್ರತಿ ಸಲ, ಯಾವ ಗುಂಪಾದರೂ. ಒಬ್ಬರ ಮೇಲೆ ಸಂಶಯ ಬಂದಾಗ ಮಾತ್ರ ಎಣಿಸಿದರೆ ಅವರಿಗೆ ಅವಮಾನ. ಎಲ್ಲರಿಗೂ ಒಂದೇ ನಿಯಮವಿದ್ದರೆ ಅದು ಬರೀ ವ್ಯವಸ್ಥೆ. ತಮಗೆ ತಾವೇ ಗಾಯ ಮಾಡಿಕೊಳ್ಳುವ ಅಪಾಯ ಇರುವವರು ಗುಂಪಿನಲ್ಲಿದ್ದಾರೆಂದು ಮೊದಲೇ ತಿಳಿದಿದ್ದರೆ ಸೂಜಿಯನ್ನೇ ಬಿಟ್ಟು ರಟ್ಟಿನ ಮಗ್ಗದಲ್ಲಿ ಬೆರಳಿನಿಂದ ನೇಯಿಸಿ.

ಹರಿದು ಅಂಟಿಸುವುದು

'ನನಗೆ ಚಿತ್ರ ಬರೆಯೋಕೆ ಬರೋದಿಲ್ಲ' ಎನ್ನುವವರಿಗೆ ಇದು. ಎಂಟು ಜನರಿಗೆ 120-150 ಚಿತ್ರಗಳನ್ನು ಮೊದಲೇ ಕತ್ತರಿಸಿ ಪೆಟ್ಟಿಗೆಯಲ್ಲಿ ಹಾಕಿಡಿ. ಇಡೀ ಪತ್ರಿಕೆ ಕೊಟ್ಟರೆ ಓದಲು ಕೂರುತ್ತಾರೆ. ತೆಳ್ಳಗೆ ಬೆಳ್ಳಗೆ ಇರುವ ಜಾಹೀರಾತಿನ ಮೈಗಳನ್ನು ತೆಗೆದುಬಿಡಿ, ರಕ್ತ-ಯುದ್ಧಗಳನ್ನೂ. ಹಾಗೆಂದು ನಗುಮುಖ ಮತ್ತು ಸೂರ್ಯೋದಯಗಳನ್ನೇ ತುಂಬಿದರೆ ಬಂದವರಿಗೆ ತಮ್ಮ ಮನಸ್ಸಿಗೆ ಹೊಂದುವುದು ಒಂದೂ ಸಿಗುವುದಿಲ್ಲ. ಖಾಲಿ ಕೋಣೆ, ಅರ್ಧ ತೆರೆದ ಬಾಗಿಲು, ಮೋಡ, ಕೈಗಳು, ರಸ್ತೆ, ಹಳೆಯ ಯಂತ್ರ, ಒಂಟಿ ಕುರ್ಚಿ, ಪ್ರಾಣಿ, ಬೇರು, ಇಂಥವು ಹೆಚ್ಚಿರಲಿ.

ಐದು ನಿಮಿಷದಲ್ಲಿ, ಯಾಕೆಂದು ಯೋಚಿಸದೆ, ಮೂರು ಚಿತ್ರ ಎತ್ತಿಕೊಳ್ಳಲಿ: ಕಣ್ಣು ನಿಂತದ್ದೊಂದು, ಹತ್ತಿರ ಬೇಕೆನಿಸಿದ್ದೊಂದು, ದೂರ ಇಡಬೇಕೆನಿಸಿದ್ದೊಂದು. ಮೂರನೆಯದನ್ನು ಹಾಳೆಯಲ್ಲಿ ಎಲ್ಲಿ ಇಡುತ್ತಾರೆ, ಹಿಂದಕ್ಕೆ ಅಂಟಿಸುತ್ತಾರೋ, ಮೇಲೆ ಮತ್ತೊಂದನ್ನು ಮುಚ್ಚುತ್ತಾರೋ, ಹಾಳೆಯ ಹೊರಗೇ ಬಿಡುತ್ತಾರೋ ಎಂಬುದರಲ್ಲೇ ಅರ್ಧ ಗಂಟೆಯ ಮಾತಿರುತ್ತದೆ. ತಳಕ್ಕೆ ಎ4 ಅಳತೆಯ ದಪ್ಪ ಕಾರ್ಡ್, 200 ಜಿಎಸ್‌ಎಂ (ಚದರ ಮೀಟರ್ ಕಾಗದದ ಗ್ರಾಂ ತೂಕ) ಮೇಲ್ಪಟ್ಟದ್ದು. ಎ3 ಕೊಟ್ಟರೆ ಖಾಲಿ ಜಾಗ ನೋಡಿಯೇ ಜನ ಅಂಜುತ್ತಾರೆ. ಬಿಳಿ ಅಂಟು ಹೆಚ್ಚಾದರೆ ಕಾಗದದ ನಾರು ನೀರು ಕುಡಿದು ಉಬ್ಬಿ ಚಿತ್ರ ಅಲೆಅಲೆಯಾಗುತ್ತದೆ. ಒಣ ಬ್ರಷ್‌ನಲ್ಲಿ ತೆಳ್ಳಗೆ ನಡುವಿನಿಂದ ಅಂಚಿಗೆ ಹಚ್ಚಿ, ಮೇಲೆ ಭಾರ ಹೇರಿ. ಗ್ಲೂ ಸ್ಟಿಕ್ ಆದರೆ ಆ ರಗಳೆ ಇಲ್ಲ, ಆದರೆ ಅಂಚು ಎದ್ದುಬರುತ್ತದೆ. ಹರಿಯುವಾಗ ಕಾಗದ ಒಂದು ದಿಕ್ಕಿಗೆ ನೆಟ್ಟಗೆ, ಇನ್ನೊಂದು ದಿಕ್ಕಿಗೆ ವಕ್ರವಕ್ರವಾಗಿ ಹರಿಯುತ್ತದೆ, ನಾರಿನ ದಿಕ್ಕಿನ ಮೇಲೆ. ಮೊದಲು ಹಳೆ ಕಾಗದದಲ್ಲಿ ಹರಿದು ನೋಡಲು ಬಿಡಿ. ಇಲ್ಲವಾದರೆ ಬೇಕಾದ ಮುಖವೇ ನಡುವೆ ಹರಿದುಹೋಗುತ್ತದೆ.

ಒಡೆದ ಪಾತ್ರೆಯನ್ನು ಹೊನ್ನಿನ ಗೆರೆಯಿಂದ ಕೂಡಿಸುವ ಜಪಾನಿನ ಕಿನ್ಸುಗಿ ಈಗ ಎಲ್ಲೆಡೆ ಮಾನಸಿಕ ಆರೋಗ್ಯದ ಕಮ್ಮಟಗಳಿಗೆ ಹೊಕ್ಕಿದೆ. ಅಸಲಿ ಕೆಲಸ ಉರುಷಿ ಎಂಬ ಮರದ ಅರಗಿನದು. ಅದು ತೇವದ ಗಾಳಿಯಲ್ಲಿ ವಾರಗಟ್ಟಲೆ ಗಟ್ಟಿಯಾಗಬೇಕು, ಹಸಿ ಇರುವಾಗ ಚರ್ಮಕ್ಕೆ ತಾಗಿದರೆ ತುರಿಕೆ ಏಳುತ್ತದೆ. ಕಮ್ಮಟಗಳಲ್ಲಿ ನಡೆಯುವುದು ಎಪಾಕ್ಸಿ ಅಂಟು ಮತ್ತು ಹೊಂಬಣ್ಣದ ಪುಡಿ. ಅದರಲ್ಲಿ ತಪ್ಪಿಲ್ಲ, ಆದರೆ ಆ ಪಾತ್ರೆಯಲ್ಲಿ ತಿನ್ನಬಾರದು ಎಂದು ಹೇಳಿ ಕಳಿಸಬೇಕು, ಕಿಟಕಿ ತೆರೆದಿರಬೇಕು. ನಮ್ಮ ತಕರಾರು ಬೇರೆ ಕಡೆಗೆ. 'ನಿಮ್ಮ ಬಿರುಕುಗಳೇ ನಿಮ್ಮ ಚೆಲುವು' ಎಂಬ ತೀರ್ಮಾನವನ್ನು ಮೊದಲೇ ಫಲಕದಲ್ಲಿ ಬರೆದಿಟ್ಟರೆ ಬಂದವರಿಗೆ ಹೇಳಲು ಉಳಿಯುವುದೇನು? ತನಗಾದ ಅನ್ಯಾಯ ಚೆಲುವಾಗಿ ಕಾಣಬೇಕಿಲ್ಲ ಎಂದುಕೊಂಡು ಬಂದವರೂ ಅಲ್ಲಿರಬಹುದು. ಪಾತ್ರೆಯನ್ನು ಕಮ್ಮಟದಲ್ಲಿ ಒಡೆಸಲೂಬೇಡಿ, ಆ ಸದ್ದಿಗೆ ಬೆಚ್ಚುವವರಿರುತ್ತಾರೆ. ಹಿಂದಿನ ದಿನವೇ ದಪ್ಪ ಬಟ್ಟೆಯೊಳಗಿಟ್ಟು ಸುತ್ತಿಗೆಯಿಂದ ಒಂದೇ ಏಟಿಗೆ ಒಡೆದು, ಚೂಪು ಅಂಚನ್ನು ಮರಳು ಕಾಗದದಲ್ಲಿ ಉಜ್ಜಿಟ್ಟುಕೊಳ್ಳಿ. ನಾಲ್ಕೈದು ಹೋಳು ಸರಿ; ಹನ್ನೆರಡು ಹೋಳಾದದ್ದನ್ನು ಕೊಟ್ಟರೆ ಯಾರೂ ಮುಗಿಸಲಾರರು.

ಎರಡು ಗಂಟೆ, ಎಂಟು ಜನ

ಎಂಟು ಜನರಿಗೆ ಇಬ್ಬರು ನಡೆಸುವವರು. ಒಬ್ಬರು ಕೈಕೆಲಸ ಹೇಳಿಕೊಡುತ್ತಾರೆ, ಇನ್ನೊಬ್ಬರು ಜನರನ್ನು ನೋಡುತ್ತಿರುತ್ತಾರೆ. ಈ ಎರಡನೆಯವರಿಗೆ ಮಾನಸಿಕ ಆರೋಗ್ಯದ ತರಬೇತಿ ಇರಲೇಬೇಕು.

ಬಂದು ಕೂತು ನಿಯಮ ಕೇಳಲು ಹದಿನೈದು ನಿಮಿಷ, ಕೈ ಪಳಗಿಸಲು ಹತ್ತು, ಮಾಡಲು ಐವತ್ತು, ಮಾತಿಗೆ ಇಪ್ಪತ್ತೈದು, ತೊಳೆದು ಎತ್ತಿಡಲು ಇಪ್ಪತ್ತು. ಕೊನೆಯ ಇಪ್ಪತ್ತನ್ನು ಯಾರೂ ಕದಿಯಬಾರದು. ಬ್ರಷ್ ತೊಳೆಯುವುದು, ಮೇಜು ಒರೆಸುವುದು, ಚಪ್ಪಲಿ ಹುಡುಕುವುದು, ಇವೆಲ್ಲ ಮನಸ್ಸನ್ನು ದಿನದ ವ್ಯವಹಾರಕ್ಕೆ ವಾಪಸ್ ತರುವ ದಾರಿ. ಭಾವನೆಯ ನಡುವೆ ಗಂಟೆ ಬಾರಿಸಿ ಜನರನ್ನು ರಸ್ತೆಗೆ ಬಿಟ್ಟರೆ ಆ ಸಂಜೆ ಅವರಿಗೆ ಭಾರ.

ಗಿರಿಜಾ ಕೈಮಲ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಈ ಅವಧಿಯ ಚರ್ಚೆಯಲ್ಲಿ ಮತ್ತೆ ಮತ್ತೆ ಬರುತ್ತದೆ. 39 ವಯಸ್ಕರು 45 ನಿಮಿಷ ಮಣ್ಣು, ಮಾರ್ಕರ್, ಅಂಟಿಸುವ ಚಿತ್ರಗಳಲ್ಲಿ ತೊಡಗಿಕೊಂಡಾಗ ಸುಮಾರು ಮುಕ್ಕಾಲು ಪಾಲು ಜನರ ಜೊಲ್ಲಿನಲ್ಲಿ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಪ್ರಮಾಣ ಇಳಿದಿತ್ತು, ಮೊದಲು ಕಲೆಯ ಅಭ್ಯಾಸ ಇದ್ದುದಕ್ಕೂ ಇಲ್ಲದ್ದಕ್ಕೂ ಅದರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಪೋಸ್ಟರುಗಳಲ್ಲಿ ಇದನ್ನು 'ಕಲೆಯಿಂದ ಒತ್ತಡ ಮಾಯ' ಎಂದು ಹಾಕಿಕೊಳ್ಳುತ್ತಾರೆ. ಹೋಲಿಸಿ ನೋಡಲು ಬೇರೊಂದು ಗುಂಪು ಅದರಲ್ಲಿ ಇರಲಿಲ್ಲ, ಉಳಿದ ಕಾಲು ಪಾಲು ಜನರಲ್ಲಿ ಇಳಿಯಲೂ ಇಲ್ಲ. ಆ ಕಾಲು ಪಾಲು ನಿಮ್ಮ ಮೇಜಿಗೂ ಬರುತ್ತದೆ ಎಂಬ ಎಚ್ಚರ ಇರಲಿ.

ಮುಗಿಸಿದ ಮಾದರಿ ತೋರಿಸಬೇಡಿ, ಎಲ್ಲರೂ ಅದನ್ನೇ ನಕಲು ಮಾಡುತ್ತಾರೆ. ಹಂತಗಳನ್ನು ಮಾತ್ರ ಕೈಯಲ್ಲಿ ಮಾಡಿ ತೋರಿಸಿ, ಮತ್ತೆ ಉಂಡೆ ಮಾಡಿಬಿಡಿ. 'ವಾವ್, ಎಷ್ಟು ಚೆನ್ನಾಗಿದೆ' ಎಂಬ ಮೆಚ್ಚುಗೆಯನ್ನೂ ತಡೆಹಿಡಿಯಿರಿ. ಒಬ್ಬರಿಗೆ ಹೇಳಿದಾಕ್ಷಣ ಉಳಿದ ಏಳು ಜನ ತಮ್ಮದನ್ನು ಅಳೆದುಕೊಳ್ಳಲು ಶುರು ಮಾಡುತ್ತಾರೆ. ಅದರ ಬದಲು ಕಂಡದ್ದನ್ನು ಹೇಳಿ: 'ಈ ಅಂಚನ್ನು ತುಂಬ ಹೊತ್ತು ಸವರಿದಿರಿ.' ಮಾತಿನ ಸುತ್ತಿನಲ್ಲಿ 'ಇದೇನಿದು?', 'ಯಾಕೆ ಕಪ್ಪು?' ಎಂದು ಕೇಳಿದರೆ ಜನ ಸಮಜಾಯಿಷಿ ಕೊಡತೊಡಗುತ್ತಾರೆ. 'ಇದರ ಬಗ್ಗೆ ಏನಾದರೂ ಹೇಳುತ್ತೀರಾ?', 'ಮಾಡುವಾಗ ಕೈಗೆ ಎಲ್ಲಿ ಕಷ್ಟವಾಯಿತು?', 'ಇದನ್ನು ಯಾವ ದಿಕ್ಕಿಗೆ ಇಡಬೇಕು?' ಎಂಬವು ಸಲೀಸಾದ ಬಾಗಿಲುಗಳು. ಪಾಸ್ ಎಂದು ಹೇಳುವ ಹಕ್ಕು ಎಲ್ಲರಿಗೂ ಇರಬೇಕು, ಮೊದಲ ಸರದಿಯಲ್ಲಿ ನಡೆಸುವವರೇ ಒಮ್ಮೆ ಪಾಸ್ ಎಂದು ತೋರಿಸಿದರೆ ಆ ಹಕ್ಕು ನಿಜವೆಂದು ನಂಬಿಕೆ ಬರುತ್ತದೆ.

ಮೇಜಿನ ಮೇಲೆ ಮೂವತ್ತು-ನಲವತ್ತು ಪದಚೀಟಿಗಳನ್ನು ಹರಡಿಡುವುದು ಒಳ್ಳೆಯ ಉಪಾಯ: ಕಸಿವಿಸಿ, ಅಳುಕು, ತಳಮಳ, ಮುಜುಗರ, ಹೊಟ್ಟೆಕಿಚ್ಚು, ಹತಾಶೆ, ನಿರಾಳ, ಒಂಟಿತನ, ಹಂಬಲ, ಜಿಗುಪ್ಸೆ, ಹೆಮ್ಮೆ, ಪಶ್ಚಾತ್ತಾಪ. ಕೊನೆಗೆ ಎರಡು ಚೀಟಿ ಎತ್ತಿ ತಮ್ಮ ಕೆಲಸದ ಪಕ್ಕ ಇಟ್ಟರೆ ಆಯಿತು. ಭಾವನೆಗೆ ಹೆಸರಿಟ್ಟಾಗ ಭಯದಂಥ ಭಾವನೆಗಳಿಗೆ ಸ್ಪಂದಿಸುವ ಮಿದುಳಿನ ಭಾಗವಾದ ಅಮಿಗ್ಡಲಾದ ಪ್ರತಿಕ್ರಿಯೆ ತಗ್ಗುವುದನ್ನು ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಎಫ್‌ಎಂಆರ್‌ಐ ಎಂಬ ಮಿದುಳಿನ ಸ್ಕ್ಯಾನ್ ಬಳಸಿ ತೋರಿಸಿದ್ದರು. ಎರಡು ಚೀಟಿ ಒಂದಕ್ಕೊಂದು ವಿರುದ್ಧ ಇದ್ದರೂ ತಿದ್ದಬೇಡಿ. ಖಾಲಿ ಚೀಟಿಗಳೂ ನಾಲ್ಕಾರು ಇರಲಿ.

ಕಚೇರಿಗಳಲ್ಲಿ 'ಒತ್ತಡ ನಿವಾರಣೆ'ಗೆಂದು ಒಂದು ಗಂಟೆಯ ಕಮ್ಮಟ ಕೇಳುತ್ತಾರೆ. ಅಲ್ಲಿ ಭಾವನೆಗಳ ಸುತ್ತು ಇಡಲೇಬಾರದು. ರಜೆ ಮಂಜೂರು ಮಾಡುವ ಮೇಲಧಿಕಾರಿ ಅದೇ ಮೇಜಿನಲ್ಲಿ ಕೂತಿರುವಾಗ ಯಾರು ಏನು ಹೇಳಿಯಾರು? ನೇಯ್ಗೆ ಕಲಿಸಿ, ಒಳ್ಳೆಯ ಒಂದು ಗಂಟೆ ಕಳೆಯಲಿ, ಅಷ್ಟೇ ಸಾಕು.

ಯಾರಾದರೂ ಕುಸಿದಾಗ

ಗುರುತುಗಳು ಸಣ್ಣವು. ಕೈ ಇದ್ದಕ್ಕಿದ್ದಂತೆ ನಿಲ್ಲುತ್ತದೆ, ನೋಟ ಒಂದೆಡೆ ನಾಟುತ್ತದೆ, ಉಸಿರು ಮೇಲುಮೇಲಕ್ಕಾಗುತ್ತದೆ, ಅಥವಾ ಸಂದರ್ಭವಿಲ್ಲದ ನಗು. ಮೊದಲು ವಸ್ತು ಬದಲಿಸಿ. ಮಣ್ಣಿದ್ದರೆ ಕೈ ತೊಳೆಸಿ, ತಣ್ಣೀರು ಮಣಿಕಟ್ಟಿಗೆ ತಾಗಲಿ. ಒಣಗಿದ, ಗಟ್ಟಿಯಾದ, ಎಣಿಸಬಹುದಾದ ಏನಾದರೂ ಕೊಡಿ. ದೊಡ್ಡ ಮಣಿಗಳನ್ನು ಬಣ್ಣವಾರು ಬೇರ್ಪಡಿಸುವುದು, ದಾರ ಸುತ್ತುವುದು. ಪಾದ ನೆಲಕ್ಕೆ ಒತ್ತಲಿ, ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಹೇಳಲಿ. ಕೇಳದೆ ಬೆನ್ನು ಸವರಬೇಡಿ, ತಬ್ಬಬೇಡಿ. ಎದ್ದು ಹೊರಗೆ ಹೋದರೆ ನಡೆಸುವವರಲ್ಲಿ ಎರಡನೆಯವರು ಬಾಗಿಲವರೆಗೆ ಹೋಗಿ ಅಲ್ಲೇ ಇರಲಿ, ಮೊದಲನೆಯವರು ಗುಂಪನ್ನು ಬಿಟ್ಟು ಏಳಬಾರದು.

ಸಾಯುವ ಮಾತು ಬಂದರೆ ನೇರವಾಗಿ ಕೇಳಿ: 'ಸಾಯಬೇಕು ಅಂತ ಅನಿಸುತ್ತಿದೆಯಾ?' ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. 'ಯಾರಿಗೂ ಹೇಳುವುದಿಲ್ಲ' ಎಂಬ ಮಾತು ಮಾತ್ರ ಕೊಡಬೇಡಿ. ಇಲ್ಲಿ ಆಡಿದ್ದು ಇಲ್ಲೇ ಇರುತ್ತದೆ, ಜೀವಕ್ಕೆ ಅಪಾಯವಿದ್ದರೆ ಮಾತ್ರ ಸಹಾಯ ಮಾಡುವವರಿಗೆ ತಿಳಿಸುತ್ತೇವೆ ಎಂದು ಆರಂಭದ ಹದಿನೈದು ನಿಮಿಷದಲ್ಲೇ ಹೇಳಿರಬೇಕು. ಆ ದಿನ ಅವರನ್ನು ಒಂಟಿಯಾಗಿ ಕಳಿಸಬಾರದು. ಸಹಾಯವಾಣಿ, ತುರ್ತು ಸೇವೆ, ಹತ್ತಿರದ ಮನೋವೈದ್ಯರ ನಂಬರುಗಳು ಬರೆದ ಹಾಳೆ ಗೋಡೆಯ ಮೇಲೆ ಮತ್ತು ಇಬ್ಬರ ಜೇಬಿನಲ್ಲೂ ಇರಲಿ. ನೋಂದಣಿಯ ಸಮಯದಲ್ಲೇ ಈಗ ಚಿಕಿತ್ಸೆಯಲ್ಲಿದ್ದೀರಾ, ಇತ್ತೀಚೆಗೆ ದೊಡ್ಡ ಆಘಾತವೇನಾದರೂ ಆಗಿದೆಯಾ, ಯಾವುದಾದರೂ ಸ್ಪರ್ಶ, ವಾಸನೆ, ಸದ್ದು ಆಗುವುದಿಲ್ಲವಾ ಎಂದು ಕೇಳಿದ್ದರೆ ಇಂಥ ಗಳಿಗೆಗಳು ಕಡಿಮೆ. ಸದ್ಯ ತೀವ್ರ ಸಂಕಟದಲ್ಲಿರುವವರಿಗೆ ಗುಂಪಿಗಿಂತ ಒಬ್ಬ ಚಿಕಿತ್ಸಕರ ಹತ್ತಿರ ಹೋಗುವುದೇ ಒಳಿತು ಎಂದು ಫೋನಿನಲ್ಲೇ ಹೇಳಿ, ಎಲ್ಲಿಗೆ ಹೋಗಬಹುದೆಂದೂ ತಿಳಿಸಿ.

ಮಾಡಿದ ವಸ್ತುಗಳು ಮಾಡಿದವರವು. ಫೋಟೋಗೆ ಬೇರೆಯೇ ಒಪ್ಪಿಗೆ ಬೇಕು, ಕಮ್ಮಟ ಮುಗಿದ ಮೇಲೆ ಕೇಳಬೇಕು, ಏನು ಮಾಡಿದ್ದೇವೆಂದು ಗೊತ್ತಾಗುವ ಮೊದಲೇ ಸಹಿ ಹಾಕಿಸಿಕೊಳ್ಳುವುದು ಸರಿಯಲ್ಲ. ಒಯ್ಯಲು ಮನಸ್ಸಿಲ್ಲದವರಿಗೆ ದಾರಿಗಳಿರಲಿ: ಕಾಗದ ಸುತ್ತಿ ಹೆಸರು ಬರೆದು ಒಂದು ತಿಂಗಳು ಇಟ್ಟುಕೊಳ್ಳುತ್ತೇವೆ, ಅಥವಾ ಈಗಲೇ ಅವರ ಕೈಯಿಂದಲೇ ಮಣ್ಣಿನ ಬಕೆಟ್ಟಿಗೆ ಹಾಕಬಹುದು. ಬಿಟ್ಟುಹೋದದ್ದನ್ನು ಅದೇ ಕೋಣೆಯ ಕಸದ ಬುಟ್ಟಿಗೆ ಎಸೆಯಬೇಡಿ. ಮರೆತ ಕೊಡೆಗಾಗಿ ಹತ್ತು ನಿಮಿಷಕ್ಕೆ ವಾಪಸ್ ಬರುವವರು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ.